ಎರಡು ಗಂಟೆಯ ಬಸ್ಸು

ಮುದನಾಳ
12 ಫೆಬ್ರವರಿ 1956

ಗೆಳೆಯ ರಂಗಣ್ಣನಿಗೆ,

ಎಂಟು ವರ್ಷದ ಮೇಲೆ ಕಾಗದ ಬರೆಸುತ್ತಿದ್ದೇನೆ. ಯಾರಿವನು ಮಲ್ಕಪ್ಪ ಎಂದು ತಲೆ ಕೆರೆದುಕೊಳ್ಳಬೇಡ. ಸುರಪುರದಲ್ಲಿ ನಿಮ್ಮಪ್ಪನ ಹೊಲದಲ್ಲಿ ಪ್ರತಿ ಬೇಸಿಗೆಗೆ ಕುರಿ ತರುಬಿ ರಾತ್ರಿ ಮಲಗಿಸುತ್ತಿದ್ದವನು ನಾನೇ. ಗೊಬ್ಬರಕ್ಕೆ ಬದಲಾಗಿ ಜೋಳ ಕೊಡುತ್ತಿದ್ದರು. ಜೋಳದ ಜೊತೆಗೆ ನಿನ್ನ ಗೆಳೆತನವನ್ನೂ ಗಂಟು ಕಟ್ಟಿಕೊಂಡು ಬಂದಿದ್ದೆ. ಜೋಳ ಅದೇ ವರ್ಷ ಮುಗಿಯುತ್ತಿತ್ತು.

ನೀನು ಮತ್ತೆ ಶಹಾಪುರದ ಬಸ್ ಅಡ್ಡಾಕ್ಕೆ ಗುಮಾಸ್ತನಾಗಿ ಬಂದಿರುವೆ ಎಂದು ಹತ್ತಿ ಪೇಟೆಗೆ ಹೋಗಿ ಬಂದ ನಮ್ಮ ಓಣಿಯವರು ಹೇಳಿದರು. ಕನ್ನಡಕ ಬಂದಿದೆಯಂತೆ, ತಲೆ ಬೆಳ್ಳಗಾಗಿದೆಯಂತೆ, ಪೆನ್ನು ಮಾತ್ರ ಇನ್ನೂ ಕಿವಿಯ ಮೇಲೆಯೇ ಇದೆಯಂತೆ. ಕೇಳಿ ನಗು ಬಂತು, ಆಮೇಲೆ ನಗು ಹೋಯಿತು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು. ಆ ದಿನ ನೀನು ಮರೆತಿರಲಾರೆ. ನನ್ನ ಸಾಯಬಮ್ಮ ಹೆರಿಗೆಗೆ ತವರು ಗೋಗಿಗೆ ಹೋಗಿದ್ದಳು. ಬ್ಯಾನಿ ಎದ್ದು ಒಂದು ಹಗಲು ಒಂದು ರಾತ್ರಿ ಕಳೆದರೂ ಕೂಸು ಬರಲಿಲ್ಲ. ಸೂಲಗಿತ್ತಿ ಕೈಚೆಲ್ಲಿ, ಯಾದಗಿರಿಯ ದವಾಖಾನೆಗೆ ಒಯ್ಯಿರಿ ಎಂದಳು. ಬಂಡಿಯಲ್ಲಿ ಶಹಾಪುರಕ್ಕೆ ತಂದೆವು. ಬಂಡಿಯನ್ನು ಆಚೆ ನಿಲ್ಲಿಸಿ ನಾನು ನಿನ್ನ ಕಿಟಕಿಗೆ ಬಂದೆ. ಬಸ್ಸಿಲ್ಲ ಎಂದೆ ನೀನು. ಬಿಸಿಲು ಕೆಂಡ ಸುರಿಯುತ್ತಿತ್ತು, ಅವಳನ್ನು ಎತ್ತಿಕೊಂಡು ಅಲ್ಲೇ ಹತ್ತಿರದ ಹುಸೇನಬೀಯ ಮನೆಯ ಪಡಸಾಲೆಗೆ ಒಯ್ದೆ. ಅದೇ ಮಧ್ಯಾಹ್ನ ಬಸ್ಸು ಯಾದಗಿರಿಗೆ ಹೋಯಿತು. ನಮಗೆ ತಿಳಿಯುವಾಗ ನಾಲ್ಕು ಹೊಡೆದಿತ್ತು. ಮತ್ತೆ ಬಂಡಿ ಹೂಡಿದೆ. ಹೊಳೆ ದಂಡೆ ಮುಟ್ಟುವ ಮೊದಲೇ ತಾಯಿ, ಮಗು ಇಬ್ಬರೂ ಹೋದರು.

ನಮ್ಮತ್ತೆ ಮಾಳಮ್ಮ ಬಂಡಿಯಲ್ಲೇ ಇದ್ದಳು, ನೀನು ಹೇಳಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಬಸ್ಸಿಲ್ಲ ಎಂಬುದು ನಾನೇ ಕಟ್ಟಿದ ಮಾತು, ಕುರಿ ಬಿಟ್ಟು ದವಾಖಾನೆಯಲ್ಲಿ ಕೂರಬೇಕಾಗುತ್ತದೆ ಎಂಬ ಚಿಂತೆಯಲ್ಲಿ ಅವಳ ಮಗಳನ್ನು ಅಡ್ಡಾದಿಂದ ಎಬ್ಬಿಸಿದೆ ಎಂದು ಅವಳ ನಂಬಿಕೆ. ಎಂಟು ವರ್ಷದಿಂದ ಅವಳು ನನ್ನ ಕೈಯಿಂದ ಒಂದು ತಂಬಿಗೆ ನೀರು ಮುಟ್ಟಿಲ್ಲ. ಈಗ ಹಾಸಿಗೆ ಹಿಡಿದಿದ್ದಾಳೆ. ಮೊನ್ನೆ ಗೋಗಿಗೆ ಹೋದಾಗ ಅಂದಳು: “ಆ ಗುಮಾಸ್ತ ಬಸ್ಸಿಲ್ಲ ಅಂದಾನಂತ ಅವನ ಕೈಲೆ ಬರಿಸ್ಕೊಂಡ ಬಾ. ಆವಾಗ ನಿನ್ನ ಕೈಯಾಗಿನ ನೀರ ಕುಡದು ಸಾಯ್ತೀನಿ.”

ನೀನು ಆ ದಿನ ನನಗೆ ಏನು ಹೇಳಿದೆಯೋ ಅದನ್ನೇ ಬರೆದು, ಕೆಳಗೆ ಸಹಿ ಹಾಕಿ ಕಳಿಸು. ನಿನಗಾದರೂ ಬಸ್ಸಿನ ಸುದ್ದಿ ಎಲ್ಲಿ ತಿಳಿದಿತ್ತು ಪಾಪ. ನಲವತ್ತೆಂಟರ ಗಲಭೆಯ ಆ ಕೆಟ್ಟ ದಿನಗಳಲ್ಲಿ ಯಾರಿಗೆ ಏನು ತಿಳಿಯುತ್ತಿತ್ತು? ಅಷ್ಟನ್ನೂ ಬರೆ.

ನಿನ್ನ
ಮಲ್ಕಪ್ಪ


ಶಹಾಪುರ
3 ಮಾರ್ಚ್ 1956

ಪ್ರಿಯ ಮಲ್ಕಪ್ಪ,

ನಿನ್ನ ಕಾಗದ ಕೈಗೆ ಬಂದಾಗ ಕಿಟಕಿಯ ಮುಂದೆ ಹತ್ತು ಜನ ನಿಂತಿದ್ದರು. ಅಷ್ಟೂ ಜನಕ್ಕೆ ತಪ್ಪು ಚಿಲ್ಲರೆ ಕೊಟ್ಟು ಬೈಸಿಕೊಂಡೆ. ಹೌದು, ಕನ್ನಡಕ ಬಂದಿದೆ. ಪೆನ್ನು ಕಿವಿಯ ಮೇಲಿದ್ದರೂ ಅದನ್ನು ಮೇಜಿನ ಮೇಲೆಲ್ಲ ಹುಡುಕುವ ರೋಗವೂ ಬಂದಿದೆ.

ಅಡ್ಡಾ ನೀನು ನೋಡಿದಂತೆಯೇ ಇದೆ. ಬೇವಿನ ಮರವೂ ಇದೆ, ಅದರ ಕೊಂಬೆಯಲ್ಲಿ ಆ ರೈಲುಪಟ್ಟಿಯ ತುಂಡೂ ಇದೆ. ನೆನಪಿದೆಯೇ? ಗೋಡೆಯ ಮೇಲಿನ ಹೊತ್ತಿನ ಹಲಗೆ ಆಗ ಉರ್ದುವಿನಲ್ಲಿತ್ತು, ಅದನ್ನು ಓದಬಲ್ಲವರು ಊರಿಗೆ ನಾಲ್ಕು ಜನ. ಉಳಿದವರಿಗೆಲ್ಲ ನನ್ನ ಗಂಟೆಯೇ ಹಲಗೆ. ಬಸ್ಸು ಹೊರಡುವ ಒಂದು ತಾಸು ಮೊದಲು ಆ ಪಟ್ಟಿಗೆ ಹೊಡೆಯುತ್ತಿದ್ದೆ. ಯಾದಗಿರಿಗಾದರೆ ಒಂದು ಏಟು, ಸುರಪುರಕ್ಕಾದರೆ ಎರಡು. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೂ ಕೇಳಿ, ಸೆರಗು ಕೊಡವಿಕೊಂಡು ಬರುತ್ತಿದ್ದರು. ಗುಮಾಸ್ತಿಕೆಯಲ್ಲಿ ನಾನು ಮಾಡಿದ ಒಂದೇ ಸುಖದ ಕೆಲಸ ಅದು. ಈಗ ಯಾರೂ ಬಾರಿಸುವುದಿಲ್ಲ. ಪಟ್ಟಿಗೆ ತುಕ್ಕು ಹಿಡಿದಿದೆ, ಕಾಗೆಗಳು ಕೂರುತ್ತವೆ.

ಮಾಳಮ್ಮನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಓದಿ ಸಂಕಟವಾಯಿತು. ಅವಳ ಕೈಯ ಪುಂಡಿಪಲ್ಯ ತಿಂದವನು ನಾನು. ನೀನು ಕೇಳಿದ ವಿಷಯ ಕಾಗದದಲ್ಲಿ ಬರೆಯುವಂಥದ್ದಲ್ಲ. ಸಹಿ ಮಾಡಿದ ಕಾಗದ ಎಂದರೆ ಯಾರ ಯಾರ ಕೈ ಸೇರುತ್ತದೋ ಹೇಳಲಾಗದು, ಅದೂ ನೌಕರಿಯಲ್ಲಿರುವವನ ಸಹಿ. ಮುಖಾಮುಖಿ ಕುಳಿತು ಮಾತಾಡೋಣ.

ಒಂದು ಮಾತು ಕೇಳಲೇ? ನಿನಗೆ ಅಕ್ಷರ ಬರುವುದಿಲ್ಲ. ಈ ದುಂಡನೆಯ ಅಕ್ಷರ ಯಾರದು? ನನ್ನ ಕಾಗದವನ್ನು ನಿನಗೆ ಓದಿ ಹೇಳುವವರು ಯಾರು?

ಇಂತಿ
ರಂಗಣ್ಣ


ಮುದನಾಳ
20 ಮಾರ್ಚ್ 1956

ರಂಗಣ್ಣ,

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಬರೆದಿದ್ದೀಯ. ಎರಡು ಪುಟದಲ್ಲಿ ಬೇವಿನ ಮರ ಬಂತು, ಕಾಗೆ ಬಂತು, ನಾನು ಕೇಳಿದ್ದು ಬರಲಿಲ್ಲ. ನೌಕರಿಗೆ ಏನಾಗುತ್ತದೆ ಮಾರಾಯ? ನಾನೇನು ಕೋರ್ಟಿಗೆ ಒಯ್ಯುತ್ತೇನೆಯೇ? ಹಾಸಿಗೆ ಹಿಡಿದ ಮುದುಕಿಗೆ ಓದಿ ಹೇಳಿಸಿ, ಬೇಕಾದರೆ ಒಲೆಗೆ ಹಾಕುತ್ತೇನೆ. ನೀನು ಆ ದಿನ ಆಡಿದ್ದು ಎರಡೇ ಮಾತು. ಅದನ್ನು ಬರೆಯಲು ಎಷ್ಟು ಮಸಿ ಬೇಕು?

ಅಕ್ಷರ ನನ್ನ ಅಂಬವ್ವನದು. ಆ ದಿನ ನನ್ನ ಧೋತರ ಹಿಡಿದುಕೊಂಡು ನಿನ್ನ ಕಿಟಕಿಗೆ ಬಂದಿದ್ದ ಐದು ವರ್ಷದ ಕೂಸು. ಈಗ ಹದಿಮೂರು. ಚನ್ನಯ್ಯ ಮಾಸ್ತರರ ಶಾಲೆಯಲ್ಲಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿದ್ದಾಳೆ. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ, ಅವಳು ಪುಸ್ತಕದ ಮಾತಿನಲ್ಲಿ ಬರೆಯುತ್ತಾಳೆ. ನಾನು ಬೈದದ್ದನ್ನೂ ಸೋಸಿ ಬರೆಯುತ್ತಾಳೆ ಎಂದು ಅನುಮಾನ. ನೀನು ಬರೆದದ್ದನ್ನು ಓದಿ ಹೇಳುವವಳೂ ಅವಳೇ.

ನಿನ್ನ
ಮಲ್ಕಪ್ಪ

ರಂಗಣ್ಣ ಕಾಕಾ, ಇದು ನಾನೇ ಬರೆದದ್ದು. ಆ ದಿನ ನೀವು ನನ್ನ ಅಂಗೈ ತುಂಬ ಪುಠಾಣಿ ಕೊಟ್ಟಿರಿ. ನನಗೆ ನೆನಪಿದೆ. ಬಸ್ಸಿಲ್ಲ ಎಂದು ನೀವು ಹೇಳಿದ್ದೂ ನೆನಪಿದೆ. ಆದರೆ ಆಯಿ, ನಮ್ಮ ಅವ್ವನ ಅವ್ವ, ನನ್ನನ್ನು ನಂಬುವುದಿಲ್ಲ, ಅಪ್ಪ ಕಲಿಸಿದ್ದು ಎನ್ನುತ್ತಾಳೆ. ನೀವು ಬರೆದರೆ ನಂಬುತ್ತಾಳೆ. ಅಂಬವ್ವ.


ಶಹಾಪುರ
18 ಏಪ್ರಿಲ್ 1956

ಪ್ರಿಯ ಮಲ್ಕಪ್ಪ,

ಅಂಬವ್ವನ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ಪುಠಾಣಿಯ ಮಾತು ನಾನು ಮರೆತಿದ್ದೆ. ಮರೆತಿದ್ದೇ ಚೆನ್ನಾಗಿತ್ತು.

ಹುಸೇನಬೀಯ ಗಂಡನ ವಿಷಯ ಹೇಳುತ್ತೇನೆ, ಅದು ಗೊತ್ತಾಗದೆ ಮುಂದಿನದು ತಿಳಿಯದು. ಅವನು ನಮ್ಮ ಯಾದಗಿರಿ ಬಸ್ಸಿನ ಡ್ರೈವರ್. ನಿಮ್ಮ ಬಂಡಿ ಬಂದ ದಿನಕ್ಕೆ ಹನ್ನೊಂದು ದಿನ ಮೊದಲು, ಬೆಳಿಗ್ಗೆ ಹತ್ತಕ್ಕೆ ನಾನು ಎಂದಿನಂತೆ ಒಂದು ಏಟು ಹೊಡೆದೆ. ಹನ್ನೊಂದಕ್ಕೆ ಬಸ್ಸು ಹೊರಟಿತು. ಅದರಲ್ಲಿ ಸರಕಾರಿ ಪೆಟ್ಟಿಗೆಯೊಂದಿತ್ತು. ಊರು ದಾಟಿ ಎರಡು ಮೈಲಿಯ ಹಳ್ಳದಲ್ಲಿ ಬಂದೂಕಿನವರು ಅಡ್ಡಗಟ್ಟಿದರು. ಯಾವ ಕಡೆಯವರೋ, ಆ ವರ್ಷ ಬಂದೂಕು ಹಿಡಿದವರೆಲ್ಲ ಒಂದೇ ಥರ ಕಾಣುತ್ತಿದ್ದರು. ಬಸ್ಸು ನಿಲ್ಲಿಸದೆ ನುಗ್ಗಿಸಲು ನೋಡಿದ ಅವನ ಎದೆಗೆ ಗುಂಡು ಬಿತ್ತು. ಹಳ್ಳದಲ್ಲಿ ಅಡಗಿದ್ದವರಿಗೂ ನನ್ನ ಗಂಟೆ ಕೇಳಿಸಿತ್ತು ಮಲ್ಕಪ್ಪ. ಕಳೆ ತೆಗೆಯುವವರಿಗೆ ಕೇಳಿಸಿದ್ದು ಅವರಿಗೇಕೆ ಕೇಳಿಸದು? ಒಂದು ತಾಸು ಮೊದಲೇ ನಾನೇ ಅವರಿಗೆ ಸುದ್ದಿ ಕೊಟ್ಟಂತಾಯಿತು.

ಅವನ ಹೆಣವನ್ನು ಅದೇ ಬಸ್ಸಿನಲ್ಲಿ ಅಡ್ಡಾಕ್ಕೆ ತಂದರು. ಹುಸೇನಬೀ ಓಡಿ ಬಂದಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನವೇ ಮೇಲಿನಿಂದ ಹುಕುಂ ಬಂತು. ಗಂಟೆ ಬಾರಿಸಕೂಡದು. ಬಸ್ಸು ಹೊರಡುವ ಹೊತ್ತನ್ನೂ ಜಾಗವನ್ನೂ ಯಾರಿಗೂ ಹೇಳಕೂಡದು. ಅಡ್ಡಾದಲ್ಲಿ ಆ ಹೊತ್ತಿಗೆ ಇದ್ದವರನ್ನು ತಪಾಸು ಮಾಡಿ ಹತ್ತಿ ಮಿಲ್ಲಿನ ಹಿಂದೆ ಕರೆದೊಯ್ದು ಬಸ್ಸು ಹತ್ತಿಸಬೇಕು. ನಾನು ಆ ಹುಕುಮನ್ನು ತಲೆಯ ಮೇಲೆ ಹೊತ್ತುಕೊಂಡೆ. ಒಬ್ಬರ ಕಿವಿಯಲ್ಲಿ ಹೇಳಿದರೆ ಊರಿಗೆ ಡಂಗುರ ಹೊಡೆದಂತೆ, ಇನ್ನೊಬ್ಬ ಡ್ರೈವರನ ಹೆಣ ನನ್ನ ಕಿಟಕಿಯ ಮುಂದೆ ಇಳಿಯಕೂಡದು ಎಂದು ಆಣೆ ಮಾಡಿಕೊಂಡೆ. ಜನ ಬೆಳಗಿನಿಂದ ಸಂಜೆಯತನಕ ಮರದ ಕೆಳಗೆ ಕೂತು ಕೂತು ಎದ್ದು ಹೋಗುತ್ತಿದ್ದರು. ನಾನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಗೋಡೆ ನೋಡುತ್ತಿದ್ದೆ.

ಇಷ್ಟು ಬರೆದದ್ದೇ ಹೆಚ್ಚಾಯಿತು. ಉಳಿದದ್ದನ್ನು ಬಂದು ಹೇಳುತ್ತೇನೆ. ನಿನ್ನನ್ನು ಈ ಅಡ್ಡಾಕ್ಕೆ ಬಾ ಎನ್ನಲು ಮನಸ್ಸಾಗದು, ಬಸವಜಯಂತಿಯ ಮರುದಿನ ನಾನೇ ಯಾದಗಿರಿಗೆ ಬರುತ್ತೇನೆ, ಅಲ್ಲಿನ ಅಡ್ಡಾದಲ್ಲಿ ಇರು. ಅಲ್ಲಿಂದ ನಾವಿಬ್ಬರೂ ಗೋಗಿಗೆ ಹೋಗೋಣ. ಮಾಳಮ್ಮನಿಗೆ ನನ್ನ ಬಾಯಿಂದಲೇ ಹೇಳುತ್ತೇನೆ.

ಇಂತಿ
ರಂಗಣ್ಣ


ಮುದನಾಳ
11 ಜೂನ್ 1956

ರಂಗಣ್ಣ,

ನೀನು ಹೇಳಿದ ದಿನ ಯಾದಗಿರಿ ಅಡ್ಡಾದಲ್ಲಿ ಶಹಾಪುರದ ಮೂರು ಬಸ್ಸು ಬರುವತನಕ ಕಾದೆ. ಮೂರರಿಂದಲೂ ನೀನು ಇಳಿಯಲಿಲ್ಲ. ನಾಲ್ಕನೆಯದು ಬರುತ್ತದೆಯೇ ಎಂದು ಕೇಳಲು ನಾಚಿಕೆಯಾಯಿತು.

ಅದಾಗಿ ತಿಂಗಳಾಯಿತು, ಒಂದು ಸಾಲು ಇಲ್ಲ. ಮಾಳಮ್ಮ ಗಂಜಿ ಬಿಟ್ಟಿದ್ದಾಳೆ. ಮಳೆ ಹಿಡಿದರೆ ಉಳಿಯುವುದಿಲ್ಲ ಎನ್ನುತ್ತಾರೆ. ಈ ಸಲ ಕಾರ್ಡಿನಲ್ಲಿ ಬರೆಸಿದ್ದೇನೆ. ದಾರಿಯಲ್ಲಿ ಯಾರು ಓದಿದರೂ ಓದಿಕೊಳ್ಳಲಿ, ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಮಲ್ಕಪ್ಪ


ಶಹಾಪುರ
10 ಜುಲೈ 1956

(ಚನ್ನಯ್ಯ ಮಾಸ್ತರರಲ್ಲಿ ವಿನಂತಿ: ಈ ಕಾಗದವನ್ನು ದಯಮಾಡಿ ತಾವೇ ಮಲ್ಕಪ್ಪನಿಗೆ ಓದಿ ಹೇಳಬೇಕು. ಆ ಹುಡುಗಿಯ ಕೈಗೆ ಕೊಡಬಾರದು.)

ಮಲ್ಕಪ್ಪ,

ಆ ದಿನ ನಾನು ನಿನಗೆ ಹೇಳಿದ್ದು ಇದು: “ಇವತ್ತ ಬಸ್ಸಿಲ್ಲೋ ಮಲ್ಕ. ಬಿಸಲಾಗ ಯಾಕ ಕುಂದರ್ತೀರಿ, ಎಲ್ಲ್ಯರ ನೆಳ್ಳಿಗೆ ಒಯ್ಯಿ ಅಕಿನ್ನ.” ಮಾಳಮ್ಮನಿಗೆ ಇದನ್ನು ಓದಿಸು. ಕೆಳಗೆ ನನ್ನ ಸಹಿ ಇದೆ. ಅವಳ ಅಳಿಯ ಸುಳ್ಳು ಹೇಳಿಲ್ಲ.

ಸುಳ್ಳು ಹೇಳಿದವನು ನಾನು. ಬಸ್ಸಿತ್ತು. ಮಧ್ಯಾಹ್ನ ಎರಡು ಗಂಟೆಗೆ, ಮಿಲ್ಲಿನ ಹಿಂದಿನಿಂದ. ಬೆಳಿಗ್ಗೆ ಎಂಟಕ್ಕೇ ನನಗೆ ಗೊತ್ತಿತ್ತು.

ನನಗೆ ಗೊತ್ತಿರಲಿಲ್ಲ ಎಂದು ನೀನು ಮೊದಲನೆಯ ಕಾಗದದಲ್ಲೇ ಬರೆಸಿದ್ದೆ. ಆ ಸಾಲೇ ನನ್ನ ಕೈ ಕಟ್ಟಿದ್ದು. ಬರೀ ‘ಬಸ್ಸಿಲ್ಲ ಎಂದೆ’ ಎಂದು ಬರೆದು ಸಹಿ ಹಾಕಿ ಕಳಿಸಿದ್ದರೆ ನಿನ್ನ ಕೆಲಸ ಆಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ನಾಲ್ಕು ಸಲ ಹಾಗೆ ಬರೆದು ಹರಿದೆ. ನೀನು ನನ್ನನ್ನು ಪಾಪ ಎಂದಿದ್ದೆಯಲ್ಲ, ಆ ಮಾತನ್ನು ಇಟ್ಟುಕೊಂಡು ಬದುಕುವುದು ನನಗೆ ಆಗಲಿಲ್ಲ. ಬಿಟ್ಟುಕೊಡುವ ಧೈರ್ಯವೂ ಬರಲಿಲ್ಲ.

ಹುಕುಂ ಹೇಳಿದ್ದು ಸುಮ್ಮನಿರು ಎಂದು. ಸುಳ್ಳು ಹೇಳು ಎಂದು ಯಾವ ಹುಕುಮಿನಲ್ಲೂ ಇರಲಿಲ್ಲ. ‘ಹೇಳಲು ಬರುವುದಿಲ್ಲ, ಇಲ್ಲೇ ಕೂತಿರು’ ಎಂದಿದ್ದರೆ ಸಾಕಾಗಿತ್ತು. ನೀವು ಮರದ ಕೆಳಗೆ ಇದ್ದಿದ್ದರೆ ಎರಡಕ್ಕೆ ಮೊದಲು ನಾನೇ ಬಂದು ಕರೆದೊಯ್ಯಬೇಕಿತ್ತು. ಏಕೆ ಹಾಗನ್ನಲಿಲ್ಲ? ನಿನ್ನ ದನಿಗೆ ಹೆದರಿದೆ. ಮೂರು ಹೊಲದಾಚೆಯ ಕುರಿಯನ್ನು ಕರೆಯುವ ದನಿ ನಿನ್ನದು. ಕೂತಿರು ಎಂದರೆ ನಿನಗೆ ಅರ್ಥವಾಗಿಬಿಡುತ್ತದೆ, ಬಸ್ಸಿದೆ ಎಂದು ಬಂಡಿಯ ಕಡೆ ಕೂಗುತ್ತೀಯ, ಪೇಟೆಯೆಲ್ಲ ಕೇಳುತ್ತದೆ ಎಂದುಕೊಂಡೆ. ಹನ್ನೊಂದು ದಿನದ ಹಿಂದಿನ ಹೆಣ ಕಣ್ಣ ಮುಂದಿತ್ತು. ಬಂಡಿಯಲ್ಲಿದ್ದವಳನ್ನು ನಾನು ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಕೂಸಿನ ಕೈಗೆ ಪುಠಾಣಿ ಹಾಕಿ ಕಿಟಕಿ ಮುಚ್ಚಿದೆ.

ಎರಡಕ್ಕೆ ಐದು ನಿಮಿಷವಿರುವಾಗ ಮಿಲ್ಲಿನ ಹಿಂದೆ ನಿಂತು ಬಸ್ಸಿನ ಪಟ್ಟಿ ಬರೆದೆ. ನಾಲ್ಕು ಸೀಟು ಖಾಲಿ ಎಂದು ನನ್ನ ಕೈಯಾರೆ ಬರೆದೆ. ನೀವು ಹುಸೇನಬೀಯ ಪಡಸಾಲೆಯಲ್ಲಿರುವುದು ಗೊತ್ತಿತ್ತು, ಅವಳ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಹೋಗಿ ಕರೆಯಬಹುದಿತ್ತು. ಹೋದರೆ ಬೆಳಿಗ್ಗೆ ಸುಳ್ಳು ಹೇಳಿದ್ದು ನಿನಗೆ ತಿಳಿಯುತ್ತದಲ್ಲ ಎಂಬ ಹಾಳು ನಾಚಿಕೆ. ನಿಂತೇ ಇದ್ದೆ. ಬಸ್ಸು ಹೋಯಿತು.

ಹುಸೇನಬೀಯ ಗಂಡ ನಾನು ಹೇಳಿದ್ದರಿಂದ ಸತ್ತ, ಸಾಯಬಮ್ಮ ಹೇಳದೆ ಇದ್ದದ್ದರಿಂದ ಸತ್ತಳು ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ, ಗುಮಾಸ್ತನ ಹಣೆಬರಹವೇ ಇಷ್ಟು ಎಂಬಂತೆ. ಅದು ಸಮಾಧಾನವಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯವೇ ಬದಲಾದಾಗ ನಾನೇ ಅರ್ಜಿ ಹಾಕಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದೆ. ನಿನಗೆ ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ.

ರಂಗಣ್ಣ

2 ಆಗಸ್ಟ್: ಈ ಕಾಗದ ಬರೆದು ಮೇಜಿನ ಖಾನೆಯಲ್ಲಿ ಇಟ್ಟುಬಿಟ್ಟಿದ್ದೆ. ಇಪ್ಪತ್ಮೂರು ದಿನವಾಯಿತು. ಇವತ್ತು ಟಪಾಲಿಗೆ ಹಾಕುತ್ತಿದ್ದೇನೆ.


ಮುದನಾಳ
19 ಆಗಸ್ಟ್ 1956

ರಂಗಣ್ಣ ಕಾಕಾ ಅವರಿಗೆ,

ಅಪ್ಪ ಬರೆ ಎಂದು ಹೇಳಿಲ್ಲ. ನಾನೇ ಬರೆಯುತ್ತಿದ್ದೇನೆ.

ನಿಮ್ಮ ಕವರು ಆಗಸ್ಟ್ ನಾಲ್ಕಕ್ಕೆ ಬಂತು. ನಮ್ಮ ಆಯಿ ಜುಲೈ ಮೂವತ್ತೊಂದಕ್ಕೆ ತೀರಿಕೊಂಡಳು. ಕಡೆಯ ಹೊತ್ತಿನಲ್ಲಿ ಎಲ್ಲರೂ ಬಾಯಿಗೆ ನೀರು ಬಿಟ್ಟರು. ಅಪ್ಪನೂ ತಂಬಿಗೆ ಹಿಡಿದು ಹೋದ. ಆಯಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ಅಪ್ಪನ ಕೈ ಎಂದು ಹೇಗೋ ಗೊತ್ತಾಯಿತು. ತುಟಿ ಬಿಗಿ ಹಿಡಿದಳು. ನೀರು ಗದ್ದದ ಮೇಲೆ ಹರಿದು ಹೋಯಿತು. ಅಪ್ಪ ಧೋತರದ ಚುಂಗಿನಿಂದ ಒರೆಸಿ ಈಚೆ ಬಂದ.

ಕವರಿನ ಮೇಲೆ ಮಾಸ್ತರರ ಹೆಸರಿತ್ತು. ಅವರು ತಮ್ಮ ಊರಿಗೆ ಹೋಗಿದ್ದರು. ಟಪಾಲಿನವನು ನನ್ನ ಕೈಗೆ ಕೊಟ್ಟ. ಅಕ್ಷರ ನಿಮ್ಮದೆಂದು ಗೊತ್ತಾಗಿ ಅಪ್ಪನಿಗೆ ಹೇಳಿದೆ. ಓದು ಎಂದ. ಹುಡುಗಿಯ ಕೈಗೆ ಕೊಡಬಾರದು ಎಂಬುದನ್ನು ಮೊದಲು ಓದಿದೆ. ಅದನ್ನೂ ಓದು, ಮುಂದಿನದನ್ನೂ ಓದು ಎಂದ. ಎಲ್ಲವನ್ನೂ ಓದಿದೆ. ನಡುವೆ ಎಲ್ಲೂ ನಿಲ್ಲಲಿಲ್ಲ, ನಿಂತರೆ ಮತ್ತೆ ಓದಲು ಆಗುವುದಿಲ್ಲ ಎಂದು ಗೊತ್ತಿತ್ತು.

ಅಪ್ಪ ನಾಲ್ಕು ಸೀಟಿನ ಸಾಲನ್ನು ಇನ್ನೊಂದು ಸಲ ಓದಿಸಿದ. ಆಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಗೆ ಹೋದ. ಮರುದಿನ ನಿಮ್ಮ ಕಾಗದ ಹಿಡಿದುಕೊಂಡು ನನ್ನನ್ನೂ ಕರೆದುಕೊಂಡು ಗೋಗಿಗೆ ನಡೆದ. ಆಯಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅಲ್ಲಿ ಕೂತು, ಓದು ಎಂದ. ನೀವು ಬಸ್ಸಿಲ್ಲ ಎಂದದ್ದನ್ನು ಓದಿದೆ. ನಿಮ್ಮ ಸಹಿಯನ್ನೂ ಓದಿದೆ. ಅಪ್ಪ ಮಣ್ಣಿಗೆ ಒಂದು ತಂಬಿಗೆ ನೀರು ಹಾಕಿ ಅಂದ: “ಕೇಳ್ದೇನವ್ವ? ನಾ ಸುಳ್ಳ ಹೇಳಿದ್ದಿಲ್ಲ.” ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ಕಾಕಾ, ಒಂದು ಕೇಳುತ್ತೇನೆ, ದೊಡ್ಡವರಿಗೆ ಕೇಳಬಾರದ್ದಾದರೆ ತಪ್ಪು ತಿಳಿಯಬೇಡಿ. ಹುಡುಗಿಗೆ ಓದಿಸಬೇಡಿ ಎಂದು ಏಕೆ ಬರೆದಿರಿ? ಸತ್ತವಳು ನನ್ನ ಅವ್ವ. ಆ ದಿನ ನನ್ನ ಕೈಗೆ ಪುಠಾಣಿ ಹಾಕಿ ಸುಮ್ಮನಾಗಿಸಿದಿರಿ. ಈ ಸಲವೂ ಹಾಗೆಯೇ ಮಾಡಲು ನೋಡಿದಿರಿ. ಖಾನೆಯಲ್ಲಿ ಇಪ್ಪತ್ಮೂರು ದಿನ ಇಡದೆ ಇದ್ದಿದ್ದರೆ ಆಯಿ ನೀರು ಕುಡಿಯುತ್ತಿದ್ದಳು. ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ.

ಅಂಬವ್ವ


ಶಹಾಪುರ
8 ನವೆಂಬರ್ 1956

ಅಂಬವ್ವನಿಗೆ, ಅವಳ ಅಪ್ಪನಿಗೆ,

ಅಂಬವ್ವನ ಕಾಗದ ಬಂದು ಎರಡೂವರೆ ತಿಂಗಳಾಯಿತು. ಇದನ್ನಾದರೂ ಮತ್ತೆ ಖಾನೆಯಲ್ಲಿ ಇಡುವ ತಪ್ಪು ಮಾಡಬಾರದೆಂದು ಬರೆಯುತ್ತಿದ್ದೇನೆ. ಇದನ್ನು ಅಂಬವ್ವನೇ ಓದಲಿ.

ಈ ತಿಂಗಳ ಒಂದನೆಯ ತಾರೀಖಿನಿಂದ ನಾವೆಲ್ಲ ಕನ್ನಡ ರಾಜ್ಯದವರಾದೆವು. ಅಡ್ಡಾದ ಹಲಗೆಯನ್ನು ಕನ್ನಡದಲ್ಲಿ ಬರೆಯಬೇಕೆಂದು ಹೇಳಿಕಳಿಸಿದ್ದಾರೆ. ತಪಾಸಣೆಗೆ ಬಂದ ಹೊಸ ಸಾಹೇಬರು ಏನೇನು ಬರೆಯಬೇಕು, ಏನು ಬರೆಯಬಾರದು ಎಂದು ನನ್ನನ್ನೇ ಕೇಳಿದರು. ನೀವು ಹಳಬರು, ನಿಮಗೆ ಗೊತ್ತಿರುತ್ತದೆ ಎಂದರು. ನನಗೆ ಗೊತ್ತಿರುವುದನ್ನು ಅವರಿಗೆ ಹೇಗೆ ಹೇಳಲಿ?

ಆದರೂ ಹೇಳಿದೆ. ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿಂದ, ಎಲ್ಲಿಗೆ ಎಂಬುದು ಹತ್ತುವವರ ಸ್ವತ್ತು, ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯೋಣ. ಟಪಾಲು ಚೀಲ ಯಾವುದರಲ್ಲಿ, ಸರಕಾರಿ ಪೆಟ್ಟಿಗೆ ಯಾವುದರಲ್ಲಿ ಎಂಬುದು ಮಾತ್ರ ನಮ್ಮ ಬಾಯಲ್ಲೇ ಇರಲಿ. ಅವರು ತಲೆಯಾಡಿಸಿ ಸಹಿ ಹಾಕಿದರು. ಎರಡು ನಿಮಿಷದ ಕೆಲಸ. ಆ ಹಳ್ಳದವರಿಗೆ ಬೇಕಾಗಿದ್ದದ್ದು ಪೆಟ್ಟಿಗೆ, ಸಾಯಬಮ್ಮನಿಗೆ ಬೇಕಾಗಿದ್ದದ್ದು ಹೊತ್ತು. ನಾನು ಹೆದರಿಕೆಯಲ್ಲಿ ಎರಡಕ್ಕೂ ಒಂದೇ ಬೀಗ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಲಗೆ ಬರೆಯುವಾಗ ಹುಸೇನಬೀ ಬಂದು ನಿಂತಳು. ಅವಳಿಗೆ ಅಕ್ಷರ ಬಾರದು. ನನ್ನಂಥವರಿಗೆ ಇದರಿಂದೇನು ಎಂದಳು. ಗಂಟೆ ಬಾರಿಸು ಎಂದಳು. ನನ್ನ ಕೈ ಏಳುವುದಿಲ್ಲ ಎಂದೆ. ಏಕೆಂದು ಅವಳಿಗೆ ಗೊತ್ತಿತ್ತು. “ನನ್ನ ಗಂಡ ಗಂಟಿ ಸಪ್ಪಳಕ್ಕ ಸತ್ತಿಲ್ಲ ರಂಗಣ್ಣ, ಬಂದೂಕಿಗೆ ಸತ್ತಾನ. ನೀ ಸುಮ್ಮನ ಕುಂತರ ಅಂವ ಎದ್ದು ಬರ್ತಾನೇನು?” ಎಂದು ಸುತ್ತಿಗೆಯನ್ನು ತಾನೇ ತಂದು ನನ್ನ ಕೈಗೆ ಕೊಟ್ಟಳು.

ಬಾರಿಸಿದೆ. ತುಕ್ಕು ಉದುರಿತು. ಪೇಟೆಯವರೆಲ್ಲ ತಲೆಯೆತ್ತಿ ನೋಡಿದರು.

ಇಂತಿ
ರಂಗಣ್ಣ


ಮುದನಾಳ
2 ಡಿಸೆಂಬರ್ 1956

ರಂಗಣ್ಣ,

ನಾನು ಹೇಳಿ ಬರೆಸುತ್ತಿದ್ದೇನೆ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತದೆ ಎಂದು ಕಾಯಬೇಡ. ಆದರೆ ಎಂಟು ವರ್ಷ ನನ್ನ ಮೇಲೆ ನನಗೇ ಇದ್ದ ಸಿಟ್ಟು ನಿನ್ನ ಕಾಗದ ಬಂದ ಮೇಲೆ ಹೋಗಿದೆ. ಆ ಕಾಗದ ಒಂದು ವಾರ ಮೊದಲು ಬಂದಿದ್ದರೆ ನಿನ್ನನ್ನು ಏನೆಂದು ಕರೆಯುತ್ತಿದ್ದೆನೋ ಗೊತ್ತಿಲ್ಲ.

ಮಾಳಮ್ಮನ ಮಣ್ಣಿನ ಮೇಲೆ ಕಲ್ಲು ನಿಲ್ಲಿಸಬೇಕು. ಮುಂದಿನ ಸೋಮವಾರ ನಾನು, ಅಂಬವ್ವ ಗೋಗಿಗೆ ಹೋಗುತ್ತೇವೆ. ಮರುದಿನ ಬೆಳಿಗ್ಗೆ ಅವಳಿಗೆ ಪರೀಕ್ಷೆ, ಅದೇ ದಿನ ತಿರುಗಿ ಬರಬೇಕು. ಇಷ್ಟು ವರ್ಷ ಕಾಲುದಾರಿಯಲ್ಲೇ ಹೋಗುತ್ತಿದ್ದೆ, ನಿಮ್ಮ ಅಡ್ಡಾದ ಮುಂದೆ ಕಾಲಿಡುತ್ತಿರಲಿಲ್ಲ. ಈ ಸಲ ಬಸ್ಸಿಗೇ ಹೋಗೋಣ ಎಂದು ಅಂಬವ್ವ ಹಟ ಹಿಡಿದಿದ್ದಾಳೆ.

ಬಸ್ಸು ಎಷ್ಟೆಷ್ಟು ಹೊತ್ತಿಗೆ ಇವೆ? ಬರೆದು, ಸಹಿ ಹಾಕಿ ಕಳಿಸು.

ಮಲ್ಕಪ್ಪ


(ಕಾರ್ಡು)

ಶಹಾಪುರ
5 ಡಿಸೆಂಬರ್ 1956

ಮಲ್ಕಪ್ಪ ಮತ್ತು ಅಂಬವ್ವ,

ಬೆಳಿಗ್ಗೆ ಆರೂವರೆ, ಯಾದಗಿರಿಯಿಂದ ಶಹಾಪುರಕ್ಕೆ. ಎಂಟಕ್ಕೆ ಇಲ್ಲಿ ಮುಟ್ಟುತ್ತದೆ.

ಎಂಟೂವರೆ, ಶಹಾಪುರದಿಂದ ಗೋಗಿಗೆ. ಹನ್ನೆರಡೂವರೆಗೆ ಗೋಗಿಯಿಂದ ತಿರುಗಿ ಬರುತ್ತದೆ.

ಮಧ್ಯಾಹ್ನ ಎರಡು ಗಂಟೆ, ಶಹಾಪುರದಿಂದ ಯಾದಗಿರಿಗೆ. ಬೇವಿನ ಮರದ ಕೆಳಗಿನಿಂದ ಹೊರಡುತ್ತದೆ. ಒಂದು ಗಂಟೆಗೆ ಗಂಟೆ ಬಾರಿಸುತ್ತೇನೆ.

ರಂಗಣ್ಣ, ಬಸ್ ಗುಮಾಸ್ತ
(ಸಹಿ)